ಆಗಸ್ಟಾಳನ್ನು ಮರೆಯದ ವೈದ್ಯ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಈ ಶಾಲೆಯಲ್ಲಿ ವಿಜ್ಞಾನ ಕಲಿತು, ಮುಂದೆ ಮೂರು ದಶಕ ಅದನ್ನೇ ಕಲಿಸಿದ ನನಗೆ ಆ ಗಾದೆಯನ್ನು ಪ್ರಶ್ನಿಸಲು ಹೇಳಿಕೊಟ್ಟವರು ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್. ಅವರ ಹೆಸರಿನ ಕಾಯಿಲೆ ಎಲ್ಲರಿಗೂ ಗೊತ್ತು, ಮನುಷ್ಯ ಮಾತ್ರ ಅಪರಿಚಿತ.

ಅವರು ಹುಟ್ಟಿದ್ದು 1864ರ ಜೂನ್ 14ರಂದು, ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ. ತಂದೆ ನೋಟರಿ. 1887ರಲ್ಲಿ ವೈದ್ಯ ಪದವಿ ಪಡೆದು, ಮರುವರ್ಷ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆ ಸೇರಿದರು. ಅಲ್ಲಿ ಗೆಳೆಯರಾಗಿ ಸಿಕ್ಕವರು ಫ್ರಾಂಜ್ ನಿಸ್ಲ್. ನರಕೋಶಗಳಿಗೆ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುವಂತೆ ಮಾಡಿದವರು ಅವರು. ಹಗಲು ರೋಗಿಗಳು, ಸಂಜೆಯಾದರೆ ಸೂಕ್ಷ್ಮದರ್ಶಕ. ಇಬ್ಬರ ದಿನಚರಿಯೂ ಇದೇ.

1901ರಲ್ಲಿ ಆಲ್ಝೈಮರರ ಪತ್ನಿ ತೀರಿಕೊಂಡರು; ಮೂವರು ಸಣ್ಣ ಮಕ್ಕಳು. ಅದೇ ನವೆಂಬರಿನಲ್ಲಿ ಆಗಸ್ಟಾ ಡೀಟರ್ ಎಂಬಾಕೆ ಆಸ್ಪತ್ರೆಗೆ ಬಂದಳು. ವಯಸ್ಸು ಬರೇ 51. ಗಂಡನ ಹೆಸರು ಕೇಳಿದರೆ ತನ್ನದನ್ನೇ ಹೇಳುವಳು. ಹೂಕೋಸು ತಿನ್ನುತ್ತ ಕುಳಿತವಳು ಪಾಲಕ್ ತಿನ್ನುತ್ತಿದ್ದೇನೆ ಎನ್ನುವಳು. ಆಲ್ಝೈಮರ್ ಪಕ್ಕದಲ್ಲಿ ಕುಳಿತು ಪ್ರಶ್ನೆ, ಉತ್ತರ ಎರಡನ್ನೂ ಬರೆದುಕೊಂಡರು. ಈ ತಾಳ್ಮೆಯೇ ನನಗೆ ಅವರ ದೊಡ್ಡ ಗುಣವಾಗಿ ಕಾಣುತ್ತದೆ. ನನ್ನ ತಾಯಿ ಕೊನೆಯ ವರ್ಷಗಳಲ್ಲಿ ನನ್ನನ್ನು ತನ್ನ ತಮ್ಮನೆಂದೇ ತಿಳಿದಿದ್ದರು. ನೋಡಲು ಬಂದವರಲ್ಲಿ ಕೆಲವರು ವಯಸ್ಸಾಯಿತಲ್ಲ ಎಂದರು, ಕೆಲವರು ನಾಟಕವೆಂದರು. ಪಕ್ಕದಲ್ಲಿ ಕುಳಿತು ಕೇಳಿದವರು ಕಡಿಮೆ.

ಮುಂದೆ ಆಲ್ಝೈಮರ್ ಕ್ರೆಪೆಲಿನ್ ಅವರ ಜೊತೆ ಮ್ಯೂನಿಕ್‌ಗೆ ಹೋದರೂ ಆಗಸ್ಟಾಳನ್ನು ಮರೆಯಲಿಲ್ಲ. 1906ರ ಏಪ್ರಿಲ್‌ನಲ್ಲಿ ಆಕೆ ಸತ್ತಾಗ ಮಿದುಳನ್ನು ತರಿಸಿಕೊಂಡರು. ತೆಳುವಾಗಿ ಕತ್ತರಿಸಿ, ಬೆಳ್ಳಿಯ ಲವಣದಿಂದ ಬಣ್ಣ ಹಿಡಿಸಿ ನೋಡಿದರೆ, ನರಕೋಶಗಳ ನಡುವೆ ಏನೋ ಗಡ್ಡೆಗಟ್ಟಿತ್ತು. ಕೋಶಗಳ ಒಳಗೆ ಎಳೆಗಳು ಸಿಕ್ಕುಸಿಕ್ಕಾಗಿದ್ದವು. ಆ ನವೆಂಬರಿನಲ್ಲಿ ಟ್ಯೂಬಿಂಗನ್‌ನ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದಾಗ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ! ಕಾಯಿಲೆಗೆ ಅವರ ಹೆಸರಿಟ್ಟವರು ಕ್ರೆಪೆಲಿನ್, 1910ರಲ್ಲಿ.

ಆ ಗಡ್ಡೆ ಯಾವುದರದ್ದೆಂದು ತಿಳಿಯಲು ಮುಕ್ಕಾಲು ಶತಮಾನ ಬೇಕಾಯಿತು. 1984ರಲ್ಲಿ ಅಮೆರಿಕದ ಗ್ಲೆನ್ನರ್ ಮತ್ತು ವಾಂಗ್ ಅಮೈಲಾಯ್ಡ್ ಬೀಟಾ ಎಂಬ ತುಣುಕನ್ನು ಬೇರ್ಪಡಿಸಿದರು. ದೊಡ್ಡದೊಂದು ಪ್ರೋಟೀನನ್ನು ಕಿಣ್ವಗಳು ಕತ್ತರಿಸಿದಾಗ ಉಳಿಯುವ, ಸುಮಾರು 40 ಅಮೈನೋ ಆಮ್ಲಗಳ ಚೂರು ಅದು. 42 ಇರುವ ಚೂರು ಹೆಚ್ಚು ಅಂಟು. ಒಂದಕ್ಕೊಂದು ಹತ್ತಿಕೊಂಡು ಗಡ್ಡೆಯಾಗುತ್ತದೆ. ಒಳಗಿನ ಸಿಕ್ಕು ಟಾವ್ ಎಂಬ ಪ್ರೋಟೀನಿನದು. ನರಕೋಶದೊಳಗೆ ಸರಕು ಸಾಗುವ ಸೂಕ್ಷ್ಮನಳಿಕೆಗಳನ್ನು ಭದ್ರವಾಗಿ ಹಿಡಿಯುವುದು ಅದರ ಕೆಲಸ. ಫಾಸ್ಫೇಟ್ ಮಿತಿಮೀರಿ ಅಂಟಿದರೆ ಹಿಡಿತ ಬಿಟ್ಟು, ತಾನೇ ಹುರಿಗಟ್ಟಿಕೊಳ್ಳುತ್ತದೆ. ಇವೆರಡನ್ನೂ ಮೊದಲು ತಡೆಯುವುದು ಹೇಗೆಂದು ಇಂದಿಗೂ ಸಂಶೋಧನೆ ನಡೆದಿದೆ. ಓದುತ್ತಿರುವ ಮಕ್ಕಳು ಗಮನಿಸಲಿ, ಇಲ್ಲಿ ಕೆಲಸ ಬಹಳ ಬಾಕಿ ಇದೆ.

ಮೇಷ್ಟರಾಗಿಯೂ ಆಲ್ಝೈಮರ್ ವಿಶಿಷ್ಟ. ಪ್ರತಿ ವಿದ್ಯಾರ್ಥಿಯ ಸೂಕ್ಷ್ಮದರ್ಶಕದ ಬಳಿ ಕುಳಿತು ವಿವರಿಸುವಾಗ ಕೈಯಲ್ಲಿದ್ದ ಸಿಗಾರ್ ಪಕ್ಕಕ್ಕಿಟ್ಟು ಮರೆತುಬಿಡುತ್ತಿದ್ದರಂತೆ. ಸಂಜೆ ನೋಡಿದರೆ ಪ್ರತಿ ಮೇಜಿನ ಮೇಲೂ ಒಂದೊಂದು ತುಂಡು.

1912ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೊರಟವರು ರೈಲಿನಲ್ಲೇ ಕಾಯಿಲೆ ಬಿದ್ದರು. ಮತ್ತೆ ಪೂರ್ತಿ ಚೇತರಿಸಿಕೊಳ್ಳದೆ 1915ರ ಡಿಸೆಂಬರ್ 19ರಂದು ತೀರಿಕೊಂಡರು. ಆಗ ಅವರಿಗೆ 51, ಆಗಸ್ಟಾ ಆಸ್ಪತ್ರೆಗೆ ಬಂದಾಗಿನ ವಯಸ್ಸು. ಕಳೆದುಹೋಯಿತೆಂದುಕೊಂಡಿದ್ದ ಆಕೆಯ ಕಡತ 1995ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿತು. ಆಲ್ಝೈಮರರ ಟಿಪ್ಪಣಿಗಳ ಜೊತೆ, ತನ್ನ ಹೆಸರು ಬರೆಯಲು ಆಕೆ ಪಟ್ಟ ಪ್ರಯತ್ನವೂ ಅದರಲ್ಲಿತ್ತು.