ಮೊಲೊಕಾಯಿಯ ಪಾದ್ರಿ ಡೇಮಿಯನ್

ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಸಮೂಹದಲ್ಲಿ ಮೊಲೊಕಾಯಿ ಎಂಬುದೊಂದು ದ್ವೀಪ. ಕುಷ್ಠರೋಗಕ್ಕೆ ಮದ್ದಿಲ್ಲದಿದ್ದ ಆ ಕಾಲದಲ್ಲಿ, 1866ರಿಂದ ಹವಾಯಿಯ ಸರ್ಕಾರವು ರೋಗಿಗಳನ್ನು ಮನೆಮಂದಿಯಿಂದ ಅಗಲಿಸಿ ಇಲ್ಲಿಗೆ ಸಾಗಿಸುತ್ತಿತ್ತು. ಮೂರು ಕಡೆ ಕಡಲು, ಹಿಂದೆ ಕಡಿದಾದ ಬೆಟ್ಟ. ಅವರಲ್ಲಿದ್ದ ಕಥೋಲಿಕರು ತಮಗೊಬ್ಬ ಪಾದ್ರಿ ಬೇಕೆಂದು ಬೇಡಿಕೊಂಡರು.

ನಾಲ್ವರು ಪಾದ್ರಿಗಳು ಸರದಿಯಂತೆ ಹೋಗಿಬರಲೆಂದು ಬಿಷಪ್ಪರು ಏರ್ಪಡಿಸಿದರು. 1873ರ ಮೇ 10ರಂದು ಮೊದಲ ಸರದಿಗೆ ಬಂದಿಳಿದವರು ಬೆಲ್ಜಿಯಂ ದೇಶದ ಡೇಮಿಯನ್. ಆಗ ಅವರಿಗೆ ಮೂವತ್ತಮೂರು ವರ್ಷ. ಹವಾಯಿಗೆ ಬರಬೇಕಾಗಿದ್ದವರು ಅವರ ಅಣ್ಣ. ಅಣ್ಣ ಕಾಯಿಲೆ ಬಿದ್ದುದರಿಂದ ತಮ್ಮ ಹೊರಟುಬಂದಿದ್ದರು. ಸರದಿ ಮುಗಿದರೂ ಅವರು ಅಲ್ಲಿಯೇ ನೆಲೆನಿಂತರು.

ಮೊದಲ ದಿನಗಳಲ್ಲಿ ಮರದಡಿಯೇ ಮನೆಯಾಯಿತು. ಪೂಜೆ ನಡೆಸಿದ ಕೈಗಳೇ ಹುಣ್ಣು ತೊಳೆದವು, ಮನೆ ಕಟ್ಟಿದವು, ಶವಪೆಟ್ಟಿಗೆ ಮಾಡಿ ಗುಂಡಿ ತೋಡಿದವು. ಮುಂಗೋಪಿಯೆಂದೂ ಹಠಮಾರಿಯೆಂದೂ ಮೇಲಿನವರು ದೂರುತ್ತಿದ್ದರು. ಹಠವಿಲ್ಲದವರು ಅಲ್ಲಿ ಉಳಿಯುತ್ತಿದ್ದರೇ?

ಒಮ್ಮೆ ಪಾಪನಿವೇದನೆಗಾಗಿ, ಹಡಗಿನಲ್ಲಿ ಬಂದಿದ್ದ ಹಿರಿಯ ಪಾದ್ರಿಯ ಬಳಿಗೆ ದೋಣಿಯಲ್ಲಿ ಹೋದರು. ರೋಗದ ಭಯದಿಂದ ಹಡಗಿನವರು ಹತ್ತಗೊಡಲಿಲ್ಲ. ಗುರುವಿನ ಕಿವಿಯಲ್ಲಿ ಮೆಲ್ಲನೆ ಹೇಳಬೇಕಾದ ತಪ್ಪುಗಳನ್ನು, ದೋಣಿಯಿಂದಲೇ ಕೂಗಿ ಹೇಳಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ.

1884ರ ಡಿಸೆಂಬರಿನಲ್ಲಿ ಕುದಿನೀರಿನಿಂದ ಕಾಲು ಬೆಂದರೂ ಅವರಿಗೆ ನೋವು ತಿಳಿಯಲಿಲ್ಲ. ರೋಗ ಅವರನ್ನೂ ಹಿಡಿದಿತ್ತು. ಮುಂದೆಯೂ ಕೆಲಸ ನಿಲ್ಲಲಿಲ್ಲ. 1889ರ ಏಪ್ರಿಲ್ 15ರಂದು ತಮ್ಮ ಜನರ ನಡುವೆಯೇ ತೀರಿಕೊಂಡರು.

1936ರಲ್ಲಿ ಅವರ ದೇಹವನ್ನು ಬೆಲ್ಜಿಯಂಗೆ ಕೊಂಡೊಯ್ದರು. 1995ರಲ್ಲಿ ಅವರ ಬಲಗೈಯ ಅವಶೇಷ ಮಾತ್ರ ಮೊಲೊಕಾಯಿಗೆ ಮರಳಿತು. ಅದನ್ನು ಹಳೆಯ ಸಮಾಧಿಯಲ್ಲಿಯೇ ಇರಿಸಿದರು.