ಬೆನೆಗಲ್ ನರಸಿಂಗರಾಯರು

ಪೊಲೀಸರ ವಿಚಾರಣೆಗೆ ಗುರಿಯಾದ ಮನುಷ್ಯನು ಒಂಟಿ. ಅವನ ಎದುರಿಗಿರುವುದು ಸರ್ಕಾರದ ಬಲ. ಹೆದರಿಕೆಯಿಂದಲೋ ಪೆಟ್ಟಿನಿಂದಲೋ ನಿರಪರಾಧಿಯೂ ತಾನು ಮಾಡದ ತಪ್ಪನ್ನು ಒಪ್ಪಿಕೊಂಡಾನು. ಆದುದರಿಂದಲೇ, ಆಪಾದನೆಗೆ ಒಳಗಾದ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆಂದು ಭಾರತ ಸಂವಿಧಾನದ 20ನೆಯ ವಿಧಿಯು ವಿಧಿಸಿದೆ. ಆ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು ಕನ್ನಡ ನಾಡಿನ ಬೆನೆಗಲ್ ನರಸಿಂಗರಾಯರು.

ರಾಯರು 1887ರ ಫೆಬ್ರವರಿ 26ರಂದು ಜನಿಸಿದರು. ತಂದೆ ರಾಘವೇಂದ್ರರಾಯರು ಹೆಸರಾಂತ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, ಕೇಂಬ್ರಿಜ್ಜಿಗೆ ತೆರಳಿ, ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬಂಗಾಳ ಮತ್ತು ಅಸ್ಸಾಂ ಪ್ರಾಂತ್ಯಗಳಲ್ಲಿ ಸೇವೆ ಸಲ್ಲಿಸಿ, ಮುಂದೆ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಕೂಡದೆಂಬ ನಿಯಮವು 1872ರ ಸಾಕ್ಷ್ಯ ಅಧಿನಿಯಮದಲ್ಲಿಯೇ ಇದ್ದಿತು. ಆದರೆ ಸಾಮಾನ್ಯ ಕಾನೂನನ್ನು ಶಾಸನಸಭೆಯು ಎಂದು ಬೇಕಾದರೂ ಬದಲಿಸಬಹುದು. ಮೂಲಭೂತ ಹಕ್ಕನ್ನು ಹಾಗೆ ಸುಲಭವಾಗಿ ಅಳಿಸಲಾಗದು.

1946ರಲ್ಲಿ ರಾಯರು ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ ನೇಮಕಗೊಂಡರು. ಹಲವು ದೇಶಗಳ ಸಂವಿಧಾನಗಳನ್ನು ಪರಿಶೀಲಿಸಿ ಸದಸ್ಯರಿಗಾಗಿ ಟಿಪ್ಪಣಿಗಳನ್ನು ಸಿದ್ಧಪಡಿಸಿದರು. ಆರೋಪಿಯ ಮೌನಕ್ಕೆ ದೀರ್ಘವಾದ ಇತಿಹಾಸವಿದೆ. ಇಂಗ್ಲೆಂಡಿನ ಜಾನ್ ಲಿಲ್ಬರ್ನನು ತನ್ನನ್ನೇ ಸಿಕ್ಕಿಸಬಹುದಾದ ಪ್ರಮಾಣವನ್ನು ಮಾಡಲು ನಿರಾಕರಿಸಿ 1638ರಲ್ಲಿ ಬೀದಿಯುದ್ದಕ್ಕೂ ಚಾಟಿಯೇಟು ತಿಂದನು. ಅಮೆರಿಕವು 1791ರಲ್ಲಿ ಈ ಹಕ್ಕನ್ನು ತನ್ನ ಸಂವಿಧಾನಕ್ಕೆ ಸೇರಿಸಿಕೊಂಡಿತು. 1947ರಲ್ಲಿ ನಮ್ಮ ಮೂಲಭೂತ ಹಕ್ಕುಗಳ ಉಪಸಮಿತಿಯೂ ಇದನ್ನು ಸ್ವೀಕರಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ರಾಯರ ಕರಡು ಸಿದ್ಧವಾಯಿತು. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ಸಮಿತಿಯು ಅದನ್ನು ಪರಿಶೀಲಿಸಿ, ತಿದ್ದಿ, ಬೆಳೆಸಿತು. ರಾಯರಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಅಂಬೇಡ್ಕರರು 1949ರಲ್ಲಿ ಸಭೆಯಲ್ಲಿಯೇ ಸ್ಮರಿಸಿದರು.

ಕಲಬುರಗಿ ಸೀಮೆಯು 1948ರ ಸೆಪ್ಟೆಂಬರಿನವರೆಗೂ ನಿಜಾಮರ ಆಳ್ವಿಕೆಯಲ್ಲಿದ್ದಿತು. 1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದಾಗ, ಕಲಬುರಗಿ ಪೇಟೆಯ ಹಮಾಲನಿಗೂ ಕಮಲಾಪುರದ ರೈತನಿಗೂ ದೆಹಲಿಯ ಶ್ರೀಮಂತನಿಗೂ ಈ ಹಕ್ಕು ಸಮನಾಗಿ ದೊರೆಯಿತು.

ಮುಂದೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1952ರಲ್ಲಿ ಹೇಗಿನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಕ್ ನಗರದಲ್ಲಿ ನಿಧನ ಹೊಂದಿದರು.

ಅವರ ಕಾಲಾನಂತರ ನ್ಯಾಯಾಲಯಗಳು ಈ ಹಕ್ಕಿನ ಅರ್ಥವನ್ನು ಸ್ಪಷ್ಟಗೊಳಿಸಿದವು. ಬೆರಳಚ್ಚು ನೀಡುವುದು ತನ್ನ ವಿರುದ್ಧ ಸಾಕ್ಷ್ಯ ನುಡಿದಂತಲ್ಲವೆಂದು 1961ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಒರಿಸ್ಸದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿಯವರ ಮೊಕದ್ದಮೆಯಲ್ಲಿ, ಈ ರಕ್ಷಣೆಯು ಪೊಲೀಸ್ ವಿಚಾರಣೆಯ ಹಂತದಿಂದಲೇ ಅನ್ವಯಿಸುವುದೆಂದು 1978ರಲ್ಲಿ ಸಾರಿತು. ಕರ್ನಾಟಕ ರಾಜ್ಯವೇ ಪಕ್ಷವಾಗಿದ್ದ ಮೊಕದ್ದಮೆಯೊಂದರಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ ಒಳಪಡಿಸಕೂಡದೆಂದು 2010ರಲ್ಲಿ ತೀರ್ಪಿತ್ತಿತು.

ಈ ಹಕ್ಕು ಅಪರಾಧಿಗೆ ಕೊಟ್ಟ ರಿಯಾಯಿತಿಯಲ್ಲ, ಸುಳ್ಳು ಹೇಳಲು ನೀಡಿದ ಅನುಮತಿಯೂ ಅಲ್ಲ. ಅಪರಾಧವನ್ನು ಸಾಬೀತುಪಡಿಸುವ ಹೊಣೆಯು ಸರ್ಕಾರದ್ದು. ಅದನ್ನು ಆರೋಪಿಯ ಬಾಯಿಯಿಂದ ಬಲವಂತವಾಗಿ ಹೊರಡಿಸುವಂತಿಲ್ಲ. ದುರ್ಬಲನಾದ ಪ್ರಜೆಯೂ ನಿರ್ಭಯನಾಗಿ ಬಾಳಬೇಕೆಂಬ ಸಂವಿಧಾನದ ಕಾರ್ಯದಲ್ಲಿ, ತೆರೆಯ ಮರೆಯಲ್ಲಿ ನಿಂತು ದುಡಿದ ರಾಯರ ಸೇವೆಯು ಚಿರಸ್ಮರಣೀಯವಾದುದು.