ಕಣಗಾಲಿನ ಪುಟ್ಟಣ್ಣ: ಊರಿನ ಹೆಸರನ್ನ ಬೆಳ್ಳಿತೆರೆ ಮೇಲೆ ಬರೆದ ಡೈರೆಕ್ಟರ್

ಪಿರಿಯಾಪಟ್ಟಣ: ನಮ್ಮ ತಾಲ್ಲೂಕು ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು ಹೊಗೆಸೊಪ್ಪು, ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪು. ಆದರೆ ಹಳೇ ಸಿನಿಮಾ ನೋಡಿ ಬೆಳೆದವರನ್ನ ಕೇಳಿ, ಅವರು ಹೇಳೋ ಹೆಸರೇ ಬೇರೆ. ಕಣಗಾಲು. ಕರ್ನಾಟಕದಲ್ಲಿ ಈ ಊರನ್ನ ಕಣ್ಣಲ್ಲಿ ನೋಡದವರಿಗೂ ಹೆಸರು ಗೊತ್ತು. ಅದಕ್ಕೆ ಕಾರಣ ಒಬ್ಬರೇ, ನಿರ್ದೇಶಕ ಎಸ್.ಆರ್. ಪುಟ್ಟಣ್ಣ ಕಣಗಾಲ್.

ಅವರು ತೀರಿಕೊಂಡು ನಲವತ್ತು ವರ್ಷ ದಾಟಿದೆ. ಆದರೂ ಟಿವಿಯಲ್ಲಿ ನಾಗರಹಾವು ಹಾಕಿದರೆ ಅಂಗಡಿಯಲ್ಲಿ ವ್ಯಾಪಾರ ಮಾಡೋರು ಚಿಲ್ಲರೆ ಎಣಿಸುತ್ತಲೇ ಒಂದು ಕಣ್ಣು ಆ ಕಡೆ ಇಡ್ತಾರೆ. ದಸರಾ ಬಂತು ಅಂದರೆ ಮೈಸೂರಿನ ಬೀದಿಗಳಲ್ಲಿ ಕೇಳೋ ಆ ಹಳೇ ದಸರಾ ಹಾಡು ಕೂಡ ಪುಟ್ಟಣ್ಣನವರ ಸಿನಿಮಾದ್ದೇ. 1970ರ ಕರುಳಿನ ಕರೆ ಚಿತ್ರದ್ದು. ಹಾಡು ಎಲ್ಲರಿಗೂ ಬರುತ್ತೆ, ಅದನ್ನ ತೆಗೆದವರು ಪಕ್ಕದ ಊರಿನವರು ಅನ್ನೋದು ಈಗಿನ ಹುಡುಗರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಬಡತನದ ಮನೆ, ಸಿಕ್ಕಿದ ಕೆಲಸ

ಪುಟ್ಟಣ್ಣ ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಕಣಗಾಲಿನ ಬಡ ಬ್ರಾಹ್ಮಣ ಕುಟುಂಬದಲ್ಲಿ. ಮನೆಯಲ್ಲಿ ಇಟ್ಟ ಹೆಸರು ಸೀತಾರಾಮ ಶರ್ಮ. ಪುಟ್ಟಣ್ಣ ಅನ್ನೋದು ಕರೆಯೋ ಹೆಸರು, ಕೊನೆಗೆ ಅದೇ ಉಳೀತು. ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿ ಮುಂದೆ ಚಿತ್ರಸಾಹಿತಿಯಾಗಿ ಹೆಸರು ಮಾಡಿದರು. ಒಂದೇ ಮನೆಯ ಇಬ್ಬರು ಮಕ್ಕಳು ಊರಿನ ಹೆಸರನ್ನೇ ತಮ್ಮ ಹೆಸರಿಗೆ ಕಟ್ಟಿಕೊಂಡು ಮದರಾಸಿಗೆ ಹೋದರು.

ಸಿನಿಮಾ ಏನೂ ತಾನಾಗಿ ಬಂದು ಬಾಗಿಲು ತಟ್ಟಲಿಲ್ಲ. ಹೊಟ್ಟೆಪಾಡಿಗೆ ಪುಟ್ಟಣ್ಣ ಮೇಷ್ಟ್ರ ಕೆಲಸ ಮಾಡಿದರು, ಸೇಲ್ಸ್‌ಮನ್ ಆದರು, ಕ್ಲೀನರ್ ಆದರು. ಪ್ರಚಾರದ ಕೆಲಸ ಮಾಡುತ್ತಾ ನಾಟಕ, ಸಿನಿಮಾದ ಕಡೆ ಬಂದರು. ಬದುಕು ಕಲಿಸಿದ್ದನ್ನ ಅವರು ಆಮೇಲೆ ಎಲ್ಲೂ ಮರೆಯಲಿಲ್ಲ ಅನ್ನೋದು ಅವರ ಸಿನಿಮಾದ ಬಡವರನ್ನ ನೋಡಿದರೆ ಗೊತ್ತಾಗುತ್ತೆ.

ಮದರಾಸಿನಲ್ಲಿ ಸಿಕ್ಕ ಗುರು ಬಿ.ಆರ್. ಪಂತುಲು. 1957ರ ರತ್ನಗಿರಿ ರಹಸ್ಯ ಚಿತ್ರದ ಹೊತ್ತಿಗೆ ಪುಟ್ಟಣ್ಣ ಅವರ ಸಹಾಯಕ. ಮುಂದಿನ ವರ್ಷ ಸ್ಕೂಲ್ ಮಾಸ್ಟರ್. ಪಂತುಲು ಅವರ ಹತ್ತಿರ ಕೆಲಸ ಅಂದರೆ ಶಿಸ್ತು. ಚಿತ್ರಕಥೆ ಹೇಗೆ ಕಟ್ಟಬೇಕು, ಕಲಾವಿದರಿಂದ ಕೆಲಸ ಹೇಗೆ ತೆಗೆಯಬೇಕು, ಎಲ್ಲ ಅಲ್ಲೇ ಕಲಿತದ್ದು.

ಒಂದು ವಿಚಿತ್ರ ನೋಡಿ. ಕನ್ನಡದ ಇಷ್ಟು ದೊಡ್ಡ ನಿರ್ದೇಶಕ ಮೊದಲು ಸ್ವತಂತ್ರವಾಗಿ ನಿರ್ದೇಶನ ಮಾಡಿದ್ದು ಮಲಯಾಳಂನಲ್ಲಿ. 1964ರಲ್ಲಿ ಅದೇ ಸ್ಕೂಲ್ ಮಾಸ್ಟರ್ ಕಥೆಯ ಮಲಯಾಳಂ ಚಿತ್ರ. 1966ರಲ್ಲಿ ತ್ರಿವೇಣಿಯವರ ಬೆಕ್ಕಿನ ಕಣ್ಣು ಕಾದಂಬರಿಯನ್ನ ಪೂಚ್ಚಕ್ಕಣ್ಣಿ ಅಂತ ಮಲಯಾಳಂನಲ್ಲೇ ತೆಗೆದರು. ಮೈಸೂರಿನ ಲೇಖಕಿಯ ಕಥೆ, ಪಿರಿಯಾಪಟ್ಟಣದ ನಿರ್ದೇಶಕ, ಸಿನಿಮಾ ಮಾತ್ರ ಕೇರಳದ್ದು.

ಬೆಳ್ಳಿಮೋಡದಿಂದ ಶುರು

ಕನ್ನಡದಲ್ಲಿ ಅವರ ಮೊದಲ ಚಿತ್ರ 1967ರ ಬೆಳ್ಳಿಮೋಡ. ಇದೂ ತ್ರಿವೇಣಿಯವರ ಕಾದಂಬರಿ. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರಿಂದ ಅದನ್ನ ತೆರೆ ಮೇಲೆ ನೋಡಲು ಅವರಿರಲಿಲ್ಲ.

ಕಥೆ ಸರಳ. ಎಸ್ಟೇಟ್ ಮಾಲೀಕನ ಒಬ್ಬಳೇ ಮಗಳು ಇಂದಿರಾ. ಅವಳನ್ನ ಮದುವೆಯಾಗೋ ಹುಡುಗ ಮೋಹನನನ್ನ ಮಾವನೇ ಖರ್ಚು ಕೊಟ್ಟು ಅಮೆರಿಕಕ್ಕೆ ಓದಲು ಕಳಿಸ್ತಾರೆ. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಪೂರ್ತಿ ತನಗೆ ಬರಲ್ಲ ಅಂತ ಗೊತ್ತಾದ ಮೇಲೆ ಹುಡುಗನ ಮನಸ್ಸು ತಿರುಗುತ್ತೆ. ಮುಂದೆ ಅವನು ಪೆಟ್ಟು ಬಿದ್ದು ಮಲಗಿದಾಗ ಇಂದಿರಾನೇ ಆರೈಕೆ ಮಾಡ್ತಾಳೆ. ಅವನಿಗೆ ತಪ್ಪು ಅರಿವಾಗಿ ಮದುವೆಗೆ ಕೇಳ್ತಾನೆ. ಅವಳು ಒಪ್ಪಲ್ಲ.

ಈ ಒಪ್ಪದೇ ಇರೋದೇ ಸಿನಿಮಾದ ಜೀವ. ಆ ಕಾಲದ ಬೇರೆ ಯಾವ ಸಿನಿಮಾ ಆಗಿದ್ದರೂ ಕೊನೆಗೆ ತಾಳಿ ಕಟ್ಟಿಸಿ ಶುಭಂ ಹಾಕಿ ಕಳಿಸ್ತಿದ್ದರು. ಪುಟ್ಟಣ್ಣ ಹಾಗೆ ಮಾಡಲಿಲ್ಲ. ಈಗ ಕೂತು ನೋಡಿದರೂ ಕಲ್ಪನಾ ಬೇಡ ಅನ್ನೋ ಹೊತ್ತಿಗೆ ನೋಡುವವರಿಗೆ ಒಂದು ಸಮಾಧಾನ ಆಗುತ್ತೆ. ಜೊತೆಗೆ ಸಂಕಟಾನೂ ಆಗುತ್ತೆ, ಯಾಕಂದರೆ ಗೆದ್ದವಳು ಒಂಟಿಯಾಗಿ ಉಳೀತಾಳೆ.

1969ರಲ್ಲಿ ಗೆಜ್ಜೆಪೂಜೆ. ಎಂ.ಕೆ. ಇಂದಿರಾ ಅವರ ಕಾದಂಬರಿ. ದೇವದಾಸಿ ಮನೆಯಲ್ಲಿ ಹುಟ್ಟಿದ ಚಂದ್ರಾಗೆ ಬೇಕಾಗಿದ್ದು ಎಲ್ಲರ ಹಾಗೆ ಒಂದು ಮದುವೆ, ಒಂದು ಮನೆ, ಅಷ್ಟೇ. ಊರು ಅದನ್ನ ಕೊಡಲ್ಲ. ಕೊನೆಗೆ ಅವಳು ಪ್ರಾಣ ಕಳಕೊಳ್ತಾಳೆ.

ಶರಪಂಜರ ಯಾಕೆ ಇನ್ನೂ ಚುಚ್ಚುತ್ತೆ

1971ರ ಶರಪಂಜರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಮತ್ತೆ ತ್ರಿವೇಣಿ ಕಾದಂಬರಿ, ಮತ್ತೆ ಕಲ್ಪನಾ. ಕಾವೇರಿ ಅನ್ನೋ ಗೃಹಿಣಿಗೆ ಹೆರಿಗೆಯಾದ ಮೇಲೆ ಮನಸ್ಸಿನ ಆರೋಗ್ಯ ಕೆಡುತ್ತೆ. ಆಸ್ಪತ್ರೆಗೆ ಸೇರಿ ವಾಸಿ ಮಾಡಿಕೊಂಡು ಮನೆಗೆ ಬರ್ತಾಳೆ. ಅಸಲಿ ಕಷ್ಟ ಶುರುವಾಗೋದು ಆಗ. ಅವಳು ಜೋರಾಗಿ ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ನೆಂಟರು, ನೆರೆಮನೆಯವರು ದೂರ ನಿಂತು ನೋಡ್ತಾರೆ. ಗಂಡ ಬೇರೆ ಹೆಣ್ಣಿನ ಸಹವಾಸ ಮಾಡಿರ್ತಾನೆ, ಅದನ್ನ ಯಾರೂ ಕೇಳಲ್ಲ. ಮದುವೆಗೆ ಮುಂಚೆ ಅವಳ ಬಾಳಲ್ಲಿ ಆದ ಒಂದು ಕಹಿ ಘಟನೆಯನ್ನ ಮಾತ್ರ ಯಾರೂ ಕ್ಷಮಿಸಲ್ಲ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ವಾಪಸ್.

ಹೆರಿಗೆಯಾದ ಮೇಲೆ ಕೆಲವು ಹೆಣ್ಣುಮಕ್ಕಳಿಗೆ ಮನಸ್ಸು ಕೆಡುವುದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ ಅಂತ ಇವತ್ತು ಡಾಕ್ಟರುಗಳು ಹೇಳ್ತಾರೆ. 1971ರಲ್ಲಿ ಅದನ್ನ ಒಂದು ಕಮರ್ಷಿಯಲ್ ಸಿನಿಮಾದಲ್ಲಿ ಹೇಳೋಕೆ ಧೈರ್ಯ ಬೇಕಿತ್ತು. ವಾಸಿಯಾಗಿ ಬಂದ ಮನುಷ್ಯರನ್ನ ಊರಿನವರು ಮತ್ತೆ ಕಾಯಿಲೆಗೆ ತಳ್ಳೋದು ಈಗಲೂ ನಿಂತಿಲ್ಲ. ಯಾವ ಬೀದಿಯಲ್ಲಾದರೂ ಅಂಥ ಒಂದು ಮನೆ ಇದ್ದೇ ಇರುತ್ತೆ. ಅದಕ್ಕೇ ಈ ಸಿನಿಮಾ ಹಳೇದು ಅನ್ನಿಸಲ್ಲ.

ಅದೇ ವರ್ಷ ರಾಜ್‌ಕುಮಾರ್ ಅವರ ಜೊತೆ ಸಾಕ್ಷಾತ್ಕಾರ ಬಂತು. ಹಿಂದಿಯ ಪೃಥ್ವಿರಾಜ್ ಕಪೂರ್ ಅವರನ್ನ ಕನ್ನಡಕ್ಕೆ ಕರೆತಂದಿದ್ದರು. ಎಂ. ರಂಗರಾವ್ ಸಂಗೀತ. ಹಾಡು ಗೆದ್ದವು, ಸಿನಿಮಾ ಮಾತ್ರ ಆಗ ಅಂದುಕೊಂಡಷ್ಟು ಓಡಲಿಲ್ಲ. ಈಗ ಅದನ್ನ ಹೊಗಳೋರು ಬಹಳ ಜನ.

ದುರ್ಗದ ಕಲ್ಲುಬಂಡೆ ಮೇಲೆ

1972ರ ಕೊನೆಯಲ್ಲಿ ನಾಗರಹಾವು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನ ಒಂದು ಮಾಡಿ ತೆಗೆದ ಚಿತ್ರ. ಚಿತ್ರದುರ್ಗದ ಕೋಟೆ ಈ ಸಿನಿಮಾದಲ್ಲಿ ಒಂದು ಪಾತ್ರದ ಹಾಗೇ ಇದೆ. ಒನಕೆ ಓಬವ್ವನಾಗಿ ಜಯಂತಿ ಬರೋ ಹಾಡಿನ ನಂತರ ಕೋಟೆ ನೋಡೋಕೆ ಹೋದವರೆಲ್ಲ ಓಬವ್ವನ ಕಿಂಡಿಯನ್ನ ಹುಡುಕೋ ಹಾಗಾಯ್ತು. ಇನ್ನೊಂದು ಹಾಡನ್ನ ಸ್ಲೋ ಮೋಷನ್‌ನಲ್ಲಿ ತೆಗೆದರು, ಆಗ ಅದು ಹೊಸದು.

ಮೈಸೂರಿನಲ್ಲಿ ಹುಟ್ಟಿದ ಸಂಪತ್ ಕುಮಾರ್ ಅನ್ನೋ ಹುಡುಗ ಈ ಚಿತ್ರದಿಂದ ವಿಷ್ಣುವರ್ಧನ್ ಆದರು. ಆ ಹೆಸರು ಇಟ್ಟವರು ಪುಟ್ಟಣ್ಣ. ಜಲೀಲನ ಚಿಕ್ಕ ಪಾತ್ರದಲ್ಲಿ ಸಿಗರೇಟು ಎಸೆದು ಬಾಯಲ್ಲಿ ಹಿಡಿದ ಮಂಡ್ಯದ ಹುಡುಗ ಅಂಬರೀಶ್ ಆದರು. ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್. ಇಂದಿಗೂ ಒಳ್ಳೇ ಮೇಷ್ಟ್ರು ಅಂದರೆ ಜನ ಚಾಮಯ್ಯ ಅಂತಲೇ ಅಂತಾರೆ.

ಆದರೆ ಚಾಮಯ್ಯ ಮೇಷ್ಟ್ರು ಮಾಡಿದ್ದೆಲ್ಲ ಸರಿಯೇ? ಚಿಕ್ಕವರಿದ್ದಾಗ ನೋಡಿದರೆ ಮೇಷ್ಟ್ರು ದೇವರ ಹಾಗೆ ಕಾಣ್ತಾರೆ. ದೊಡ್ಡವರಾಗಿ ಮತ್ತೆ ನೋಡಿದರೆ ಬೇರೆ ಕಾಣುತ್ತೆ. ಜಾತಿ ಬೇರೆ ಅಂತ ರಾಮಾಚಾರಿಯ ಪ್ರೀತಿಯನ್ನ ಮೇಷ್ಟ್ರೇ ಬಿಡಿಸ್ತಾರೆ. ಅಲಮೇಲುವಿನ ಬಾಳು ಹಾಳಾಗುತ್ತೆ. ಧರ್ಮ ಬೇರೆ ಅಂತ ಮಾರ್ಗರೆಟ್ ವಿಷಯದಲ್ಲೂ ಅಡ್ಡ ನಿಲ್ತಾರೆ. ಕೊನೆಗೆ ಬೆಟ್ಟದ ಮೇಲೆ ಗುರುವೂ ಉಳಿಯಲ್ಲ, ಶಿಷ್ಯನೂ ಉಳಿಯಲ್ಲ. ಪ್ರೀತಿಯಿಂದಲೇ ಹಿರಿಯರು ಮಕ್ಕಳ ಬಾಳು ಕೆಡಿಸಬಹುದು ಅನ್ನೋದನ್ನ ಪುಟ್ಟಣ್ಣ ಮಾತಲ್ಲಿ ಹೇಳಲಿಲ್ಲ, ಕಥೆಯಲ್ಲಿ ತೋರಿಸಿದರು. ಕಾದಂಬರಿ ಬರೆದ ತ.ರಾ.ಸು. ಅವರಿಗೆ ಸಿನಿಮಾ ಅಷ್ಟು ಹಿಡಿಸಲಿಲ್ಲ ಅನ್ನೋ ಮಾತಿದೆ. ಜನರಿಗೆ ಮಾತ್ರ ಹಿಡಿಸಿತು. ಇದೇ ಕಥೆಯನ್ನ ಪುಟ್ಟಣ್ಣ 1974ರಲ್ಲಿ ರಿಷಿ ಕಪೂರ್ ಹಾಕಿಕೊಂಡು ಹಿಂದಿಯಲ್ಲಿ ತೆಗೆದರು. ಅಲ್ಲಿ ದುರ್ಗದ ಗಾಳಿ ಬೀಸಲಿಲ್ಲ.

ಏಳು, ಬೀಳು

1973ರಲ್ಲಿ ಕೊಡಗಿನ ಭಾರತೀಸುತರ ಕಾದಂಬರಿಯಿಂದ ಎಡಕಲ್ಲು ಗುಡ್ಡದ ಮೇಲೆ ಬಂತು. ಮದುವೆಯಾದ ಹೆಣ್ಣಿನ ದೇಹಕ್ಕೂ ಆಸೆ ಇರುತ್ತೆ ಅನ್ನೋ ವಿಷಯ. ಮನೆಮಂದಿ ಕೂತು ನೋಡೋ ಕಾಲದಲ್ಲಿ ಇದನ್ನ ಮುಟ್ಟಿದ್ದೇ ದೊಡ್ಡದು. ಜಯಂತಿ ಅವರ ಅಭಿನಯ ಈಗ ನೋಡಿದರೂ ಮುಜುಗರ ಆಗಲ್ಲ, ಮರುಕ ಆಗುತ್ತೆ.

1976ರ ಕಥಾಸಂಗಮದಲ್ಲಿ ಮೂರು ಸಣ್ಣ ಕಥೆಗಳನ್ನ ಒಂದೇ ಸಿನಿಮಾ ಮಾಡಿದರು. ರಜನಿಕಾಂತ್ ಅವರ ಮೊದಲ ಕನ್ನಡ ಚಿತ್ರ ಇದೇ. ಅದೇ ವರ್ಷದ ಫಲಿತಾಂಶ ಸೋತಿತು. 1978ರಲ್ಲಿ ಪಡುವಾರಹಳ್ಳಿ ಪಾಂಡವರು ಮೂಲಕ ಹಳ್ಳಿಯ ಜಮೀನ್ದಾರನ ದಬ್ಬಾಳಿಕೆಗೆ ಎದುರು ನಿಂತ ಐದು ಹುಡುಗರ ಕಥೆ ಹೇಳಿದರು. ಮುಂದೆ ಅದು ಹಿಂದಿಯಲ್ಲಿ ಹಮ್ ಪಾಂಚ್ ಆಯ್ತು. 1981ರ ರಂಗನಾಯಕಿ ಮತ್ತೆ ಎತ್ತಿ ನಿಲ್ಲಿಸಿತು. ನಾಟಕ ಕಂಪನಿಯ ನಟಿಯ ಪಾತ್ರದಲ್ಲಿ ಆರತಿ. ಮುಂದಿನ ವರ್ಷ ಮಾನಸ ಸರೋವರ. ಹುಚ್ಚು ಬಿಡಿಸೋ ಡಾಕ್ಟರೇ ಕೊನೆಗೆ ಹುಚ್ಚನಾಗೋ ಕಥೆ. ಡಾಕ್ಟರ್ ಆಗಿ ಶ್ರೀನಾಥ್.

ಅವರ ಹತ್ತಿರ ಕೆಲಸ ಕಲಿತ ಭಾರತಿರಾಜ ತಮಿಳಿನಲ್ಲಿ ದೊಡ್ಡ ನಿರ್ದೇಶಕರಾದರು. ಕೆ. ಬಾಲಚಂದರ್ ಅವರನ್ನ ಗುರು ಅಂತಲೇ ಭಾವಿಸಿದ್ದರು.

ತಪ್ಪೂ ಇದೆ, ಪ್ರೀತಿಯೂ ಇದೆ

ಇವತ್ತಿನ ಕಣ್ಣಲ್ಲಿ ನೋಡಿದರೆ ಅವರ ಸಿನಿಮಾದಲ್ಲಿ ಕೆಲವು ಹಿಡಿಸಲ್ಲ. ಅಳು ಜಾಸ್ತಿ. ಮಾತು ಜೋರು. ಕ್ಯಾಮೆರಾ ಇದ್ದಕ್ಕಿದ್ದ ಹಾಗೆ ಮುಖದ ಹತ್ತಿರ ನುಗ್ಗುತ್ತೆ. ಇನ್ನೊಂದು ದೊಡ್ಡ ತಕರಾರು ಇದೆ. ಅವರ ಹೆಣ್ಣುಗಳು ಯಾಕೆ ಯಾವಾಗಲೂ ಕೊನೆಯಲ್ಲಿ ಸೋಲ್ತಾರೆ? ಒಬ್ಬಳಿಗೆ ಹುಚ್ಚು, ಒಬ್ಬಳಿಗೆ ಸಾವು, ಒಬ್ಬಳು ಒಂಟಿ.

ತಕರಾರು ಸರಿಯಾದದ್ದೇ. ಆದರೆ ಅವರ ಸಿನಿಮಾ ಮುಗಿದಾಗ ಆ ಹೆಣ್ಣಿನ ಮೇಲೆ ಯಾರಿಗೂ ಸಿಟ್ಟು ಬರಲ್ಲ. ಸಿಟ್ಟು ಬರೋದು ಕಾವೇರಿಯ ಗಂಡನ ಮೇಲೆ, ಚಂದ್ರಾಗೆ ಬಾಗಿಲು ಹಾಕಿದ ಊರಿನ ಮೇಲೆ. ಸುಖಾಂತ್ಯ ಕೊಟ್ಟಿದ್ದರೆ ಜನ ನೆಮ್ಮದಿಯಾಗಿ ಮನೆಗೆ ಹೋಗಿ ಮರೀತಿದ್ದರು. ಬೆಳ್ಳಿಮೋಡದ ಇಂದಿರಾ ಮಾತ್ರ ತಾನೇ ಬೇಡ ಅಂದವಳು. ಅವಳನ್ನ ಸೋತವಳು ಅನ್ನೋದು ಕಷ್ಟ.

ಕೊನೆ ಸಿನಿಮಾ ಮುಗಿಯಲಿಲ್ಲ

1985. ಮತ್ತೆ ತ.ರಾ.ಸು. ಕಾದಂಬರಿ, ಮಸಣದ ಹೂವು. ಅಂಬರೀಶ್, ಜಯಂತಿ ಜೊತೆ ಹೊಸ ಹುಡುಗಿಯೊಬ್ಬರನ್ನ ಪರಿಚಯ ಮಾಡಿದರು. ಅವರೇ ಆಮೇಲೆ ನಿರೂಪಕಿಯಾಗಿ ಮನೆಮಾತಾದ, ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ದನಿ ಕೇಳಿಸಿದ ಅಪರ್ಣಾ. ಈ ಚಿತ್ರ ಮುಗಿಯೋ ಮುಂಚೆ, ಜೂನ್ 5ರಂದು ಪುಟ್ಟಣ್ಣ ತೀರಿಕೊಂಡರು. ವಯಸ್ಸು 51. ಉಳಿದ ಕೆಲಸವನ್ನ ಕೆ.ಎಸ್.ಎಲ್. ಸ್ವಾಮಿ ಮುಗಿಸಿಕೊಟ್ಟರು.

ಕನ್ನಡದಲ್ಲಿ ಅವರು ತೆಗೆದಿದ್ದು ಸುಮಾರು ಎರಡು ಡಜನ್ ಚಿತ್ರ. ಅದರಲ್ಲಿ ಬಹಳಷ್ಟು ಕನ್ನಡದ ಕಥೆ, ಕಾದಂಬರಿಗಳಿಂದ ಬಂದವು. ಲೈಬ್ರರಿಯಿಂದ ತಂದು ಮನೆಯಲ್ಲಿ ಓದಿದ ಕಥೆಯನ್ನ ಹೆಣ್ಣುಮಕ್ಕಳು ಟಾಕೀಸಿಗೆ ಹೋಗಿ ನೋಡೋ ಹಾಗೆ ಮಾಡಿದವರಲ್ಲಿ ಅವರು ಮುಖ್ಯರು. ರಾಜ್ಯ ಸರ್ಕಾರ ನಿರ್ದೇಶಕರಿಗೆ ಕೊಡೋ ಪ್ರಶಸ್ತಿಗೆ ಅವರದೇ ಹೆಸರಿದೆ.

ಇಷ್ಟೆಲ್ಲ ಸಿನಿಮಾ ಈಗ ಮೊಬೈಲಿನಲ್ಲೇ ಸಿಗುತ್ತೆ. ಪೂರ್ತಿ ನೋಡೋಕೆ ಪುರುಸೊತ್ತಿಲ್ಲದವರು ಶರಪಂಜರ ಒಂದನ್ನಾದರೂ ನೋಡಬೇಕು. ಆದರೆ ಒಬ್ಬರೇ ಅಲ್ಲ, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು.